ಜರ್ಮನಿಯಲ್ಲಿ ಫಿಸಿಕ್ಸ್ ಎಂ.ಎಸ್ಸಿ.: ಅರ್ಜಿಗೆ ಮುಂಚೆ ನಿಮ್ಮ ಕ್ರೆಡಿಟ್ ಎಣಿಸಿ

ಪ್ರಶ್ನೆ: ದಾವಣಗೆರೆ ಕಡೆಯ ಸರ್ಕಾರಿ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೇನೆ. ಫಿಸಿಕ್ಸ್, ಮ್ಯಾಥ್ಸ್ ಎರಡೂ ಮೇಜರ್. ಸಿಜಿಪಿಎ 8.2. ಆಸ್ಟ್ರೋಫಿಸಿಕ್ಸ್ ಕಡೆ ಒಲವು. ಜರ್ಮನಿಯಲ್ಲಿ ಫೀಸಿಲ್ಲದೆ ಎಂ.ಎಸ್ಸಿ. ಮಾಡಬಹುದು ಅಂತ ಎಲ್ಲರೂ ಹೇಳುತ್ತಾರೆ. ಮೂರು ವರ್ಷದ ಡಿಗ್ರಿ ನಡೆಯುತ್ತದೆಯೇ? ಜಿಆರ್‌ಇ ಬೇಕೇ? ಒಟ್ಟು ಎಷ್ಟು ಖರ್ಚು? ಮನೆಯಲ್ಲಿ ಸಾಲ ಮಾಡಬೇಕಾಗುತ್ತದೆ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಸರ್.

ಉತ್ತರ: ಫೀಸಿಲ್ಲ ಅನ್ನುವುದು ಬಹುಮಟ್ಟಿಗೆ ನಿಜ, 8.2 ಒಳ್ಳೆಯ ಅಂಕವೇ. ಆದರೂ ನಮ್ಮ ಕಡೆಯ ಬಿ.ಎಸ್ಸಿ. ವಿದ್ಯಾರ್ಥಿಗಳ ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಅಂಕಕ್ಕಾಗಲಿ ದುಡ್ಡಿಗಾಗಲಿ ಅಲ್ಲ. ಡಿಗ್ರಿಯೊಳಗೆ ಫಿಸಿಕ್ಸ್ ಸಾಲದು ಎಂಬ ಕಾರಣಕ್ಕೆ. ಏಜೆನ್ಸಿಗಳು ಇದನ್ನು ಮೊದಲೇ ಹೇಳುವುದಿಲ್ಲ. ಆದ್ದರಿಂದ ಅಲ್ಲಿಂದಲೇ ಶುರು ಮಾಡೋಣ.

ಜರ್ಮನಿಯ ಬ್ಯಾಚುಲರ್ ಡಿಗ್ರಿ ಮೂರೇ ವರ್ಷದ್ದು, ಒಟ್ಟು 180 ಇಸಿಟಿಎಸ್ (ಯುರೋಪಿನ ಸಾಮಾನ್ಯ ಕ್ರೆಡಿಟ್ ಪದ್ಧತಿ) ಕ್ರೆಡಿಟ್. ಒಂದು ಕ್ರೆಡಿಟ್ ಎಂದರೆ ತರಗತಿ, ಮನೆಗೆಲಸ, ಓದು ಎಲ್ಲ ಸೇರಿ 25ರಿಂದ 30 ಗಂಟೆ ದುಡಿಮೆ. ಹಾಗಾಗಿ ‘ಮೂರು ವರ್ಷ’ ಎಂಬುದೇ ದೋಷವಲ್ಲ. ಕೆಲವು ವಿಶ್ವವಿದ್ಯಾಲಯಗಳು ಭಾರತದ ಮೂರು ವರ್ಷದ ಬಿ.ಎಸ್ಸಿ.ಯನ್ನು ನೇರವಾಗಿ ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ, ಕೆಲವು ಒಬ್ಬೊಬ್ಬರ ಪಠ್ಯಕ್ರಮ ನೋಡಿ ತೀರ್ಮಾನಿಸುತ್ತವೆ. ನಿಮ್ಮ ವಿಶ್ವವಿದ್ಯಾಲಯವನ್ನೂ ಡಿಗ್ರಿಯನ್ನೂ ಹೇಗೆ ಪರಿಗಣಿಸುತ್ತಾರೆ ಎಂಬುದು ಅನಾಬಿನ್ ಎಂಬ ಅವರ ಸರ್ಕಾರಿ ದತ್ತಾಂಶ ತಾಣದಲ್ಲಿ ಸಿಗುತ್ತದೆ. ಮೊದಲು ಅಲ್ಲಿ ಹುಡುಕಿ.

ತೊಡಕಿರುವುದು ಆ 180 ಎಲ್ಲಿ ಖರ್ಚಾಗಿದೆ ಎಂಬುದರಲ್ಲಿ. ಅಲ್ಲಿನ ಫಿಸಿಕ್ಸ್ ಬ್ಯಾಚುಲರ್ ವಿದ್ಯಾರ್ಥಿ ಹೆಚ್ಚುಕಡಿಮೆ ಫಿಸಿಕ್ಸ್ ಮತ್ತು ಗಣಿತವನ್ನೇ ಓದಿರುತ್ತಾನೆ, ಕೊನೆಯಲ್ಲಿ ಒಂದು ಪ್ರಬಂಧವನ್ನೂ ಬರೆದಿರುತ್ತಾನೆ. ನಿಮ್ಮ ಡಿಗ್ರಿಯಲ್ಲಿ ಎರಡು ಮೇಜರ್, ಎರಡು ಭಾಷೆ, ಓಪನ್ ಎಲೆಕ್ಟಿವ್, ಕೌಶಲ್ಯದ ಪತ್ರಿಕೆಗಳು ಎಲ್ಲ ಇವೆ. ಹಳೆಯ ಪಿಸಿಎಂ ಪದ್ಧತಿಯಲ್ಲಿ ಓದಿದವರಿಗೆ ಇನ್ನೂ ಕಷ್ಟ, ಮೂರರಲ್ಲಿ ಒಂದು ಪಾಲು ಮಾತ್ರ ಫಿಸಿಕ್ಸ್. ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ. ನಿಮ್ಮ ಆರು ಸೆಮಿಸ್ಟರಿನ ಒಟ್ಟು ಕ್ರೆಡಿಟ್ 140, ಅದರಲ್ಲಿ ಫಿಸಿಕ್ಸ್ ಥಿಯರಿ ಮತ್ತು ಲ್ಯಾಬ್ ಸೇರಿ 48 ಎಂದಿಟ್ಟುಕೊಳ್ಳೋಣ. 180 ಭಾಗಿಸು 140 ಎಂದರೆ ಸುಮಾರು 1.29. ಅದನ್ನು 48ರಿಂದ ಗುಣಿಸಿದರೆ 62. ಗಣಿತವೂ ಅಷ್ಟೇ ಇದ್ದರೆ ಎರಡೂ ಸೇರಿ 124. ಇದು ಅಂದಾಜು ಮಾತ್ರ, ಅವರು ತಮ್ಮದೇ ರೀತಿಯಲ್ಲಿ ಎಣಿಸುತ್ತಾರೆ. ಆದರೆ ನೀವು ಎಲ್ಲಿ ನಿಂತಿದ್ದೀರಿ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಪ್ರತಿ ವಿಶ್ವವಿದ್ಯಾಲಯದ ಪ್ರವೇಶ ನಿಯಮದಲ್ಲಿ ಪ್ರಾಯೋಗಿಕ ಭೌತಶಾಸ್ತ್ರಕ್ಕೆ ಇಷ್ಟು, ಸೈದ್ಧಾಂತಿಕಕ್ಕೆ ಇಷ್ಟು, ಲ್ಯಾಬಿಗೆ ಇಷ್ಟು, ಗಣಿತಕ್ಕೆ ಇಷ್ಟು ಎಂದು ಬರೆದಿರುತ್ತದೆ. ಅದರ ಪಕ್ಕದಲ್ಲಿ ನಿಮ್ಮ ಸಂಖ್ಯೆ ಬರೆದುಕೊಳ್ಳಿ. ಮ್ಯಾಥ್ಸ್ ಮೇಜರ್ ಇರುವುದು ನಿಮ್ಮ ದೊಡ್ಡ ಅನುಕೂಲ. ಫಿಸಿಕ್ಸ್ ಜೊತೆ ಕೆಮಿಸ್ಟ್ರಿ ತೆಗೆದುಕೊಂಡವರಿಗೆ ಈ ಸಾಲೇ ಖಾಲಿ ಬೀಳುತ್ತದೆ.

ಹೆಚ್ಚಿನವರು ಸಿಕ್ಕಿಬೀಳುವುದು ಸೈದ್ಧಾಂತಿಕ ಭೌತಶಾಸ್ತ್ರದಲ್ಲಿ. ಅಲ್ಲಿ ಮೆಕ್ಯಾನಿಕ್ಸ್, ಎಲೆಕ್ಟ್ರೋಡೈನಮಿಕ್ಸ್, ಕ್ವಾಂಟಂ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕಲ್ ಫಿಸಿಕ್ಸ್ ನಾಲ್ಕೂ ಒಂದೊಂದು ಪೂರ್ಣ ಸೆಮಿಸ್ಟರಿನ ಕೋರ್ಸು. ನಮ್ಮಲ್ಲಿ ಇವೆಲ್ಲ ಅರ್ಧ ಪತ್ರಿಕೆ, ಒಂದು ಪತ್ರಿಕೆಯಲ್ಲಿ ಮುಗಿಯುತ್ತವೆ. ಕ್ವಾಂಟಂ ಎಂದರೆ ಪೆಟ್ಟಿಗೆಯೊಳಗಿನ ಕಣ, ಹಾರ್ಮಾನಿಕ್ ಆಸಿಲೇಟರ್, ಹೆಚ್ಚೆಂದರೆ ಹೈಡ್ರೋಜನ್ ಪರಮಾಣು. ಅಲ್ಲಿ ಎಂ.ಎಸ್ಸಿ.ಯ ಮೊದಲ ತರಗತಿಗೆ ಕೂರುವವರು ಕೋನೀಯ ಸಂವೇಗಗಳ ಸಂಕಲನ, ಪರ್ಟರ್ಬೇಷನ್ ಸಿದ್ಧಾಂತ, ತದ್ರೂಪಿ ಕಣಗಳು ಎಲ್ಲವನ್ನೂ ಬಿ.ಎಸ್ಸಿ.ಯಲ್ಲೇ ಮುಗಿಸಿರುತ್ತಾರೆ. ಪ್ರವೇಶ ಸಮಿತಿಯಲ್ಲಿ ಕೂತ ಪ್ರಾಧ್ಯಾಪಕರು ಪಠ್ಯಕ್ರಮದಲ್ಲಿ ಹುಡುಕುವುದು ಈ ಅಧ್ಯಾಯಗಳನ್ನೇ. ಆದ್ದರಿಂದ ಮಾರ್ಕ್ಸ್ ಕಾರ್ಡ್ ಮಾತ್ರ ಕಳಿಸಿ ಸುಮ್ಮನಾಗಬೇಡಿ. ಅದರಲ್ಲಿ ಪತ್ರಿಕೆಯ ಹೆಸರಷ್ಟೇ ಇರುತ್ತದೆ, ಒಳಗೇನಿದೆ ಎಂದು ಅವರಿಗೆ ಗೊತ್ತಾಗದು. ವಿಶ್ವವಿದ್ಯಾಲಯದ ಅಧಿಕೃತ ಸಿಲಬಸ್ ತೆಗೆದು, ಪ್ರತಿ ಫಿಸಿಕ್ಸ್ ಮತ್ತು ಗಣಿತ ಪತ್ರಿಕೆಗೆ ಘಟಕಗಳು, ವಾರಕ್ಕೆ ಎಷ್ಟು ಗಂಟೆ, ಯಾವ ಪಠ್ಯಪುಸ್ತಕ, ಲ್ಯಾಬಿನಲ್ಲಿ ಯಾವ ಪ್ರಯೋಗ ಎಂದು ಇಂಗ್ಲಿಷಿನಲ್ಲಿ ಹತ್ತು ಹದಿನೈದು ಪುಟಗಳ ವಿವರಣೆ ಸಿದ್ಧಪಡಿಸಿ. ವಿಭಾಗದ ಮುಖ್ಯಸ್ಥರಿಂದ ಅಥವಾ ಪ್ರಾಂಶುಪಾಲರಿಂದ ಸಹಿ, ಮೊಹರು ಹಾಕಿಸಿ. ಕೇಳಲಿ ಬಿಡಲಿ, ಅರ್ಜಿಯ ಜೊತೆ ಲಗತ್ತಿಸಿ.

ಕೊರತೆ ಸ್ವಲ್ಪವಿದ್ದರೆ ಕೆಲವು ಕಡೆ ಷರತ್ತಿನ ಪ್ರವೇಶ ಕೊಡುತ್ತಾರೆ: ಬನ್ನಿ, ಆದರೆ ಮೊದಲ ವರ್ಷದಲ್ಲಿ ಬ್ಯಾಚುಲರ್ ಮಟ್ಟದ ಈ ಎರಡು ಮೂರು ಕೋರ್ಸುಗಳನ್ನು ಪಾಸು ಮಾಡಿ ಅಂತ. ಒಂದು ಎಚ್ಚರಿಕೆ, ಆ ಬ್ಯಾಚುಲರ್ ಕೋರ್ಸುಗಳು ಬಹಳಷ್ಟು ಕಡೆ ಜರ್ಮನ್ ಭಾಷೆಯಲ್ಲಿ ನಡೆಯುತ್ತವೆ. ಪರೀಕ್ಷೆ ಇಂಗ್ಲಿಷಿನಲ್ಲಿ ಬರೆಯಬಹುದೇ ಎಂದು ಮೊದಲೇ ಇಮೇಲ್ ಮಾಡಿ ಕೇಳಿ. ಎನ್‌ಪಿಟೆಲ್ ಆನ್‌ಲೈನ್ ಕೋರ್ಸಿನ ಸರ್ಟಿಫಿಕೇಟುಗಳನ್ನು ಸಾಮಾನ್ಯವಾಗಿ ಕ್ರೆಡಿಟ್ ಎಂದು ಎಣಿಸುವುದಿಲ್ಲ. ಆಸಕ್ತಿಗೆ ಸಾಕ್ಷಿಯಾಗಿ ಸೇರಿಸಬಹುದು, ಅಷ್ಟೆ.

ಪ್ರಬಂಧದ ಕೊರತೆಯನ್ನು ತುಂಬುವುದು ಕರ್ನಾಟಕದಲ್ಲಿರುವವರಿಗೆ ಹೋಲಿಕೆಯಲ್ಲಿ ಸುಲಭ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ದೇಶದ ಇನ್ನೆರಡು ವಿಜ್ಞಾನ ಅಕಾಡೆಮಿಗಳ ಜೊತೆ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಖಗೋಳದಲ್ಲಿ ಆಸಕ್ತಿ ಇರುವ ನಿಮಗೆ ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ಎರಡೂ ಇವೆ. ಎರಡು ತಿಂಗಳು ಕೂತು ಮಾಡಿದ ಡೇಟಾ ವಿಶ್ಲೇಷಣೆಯ ಇಪ್ಪತ್ತು ಪುಟದ ವರದಿ, ಮಾರ್ಗದರ್ಶಕರ ಒಂದು ಪತ್ರ, ಇವೆರಡೂ 0.3 ಸಿಜಿಪಿಎಗಿಂತ ಹೆಚ್ಚು ತೂಗುತ್ತವೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ನಾಲ್ಕನೇ ವರ್ಷದ ಆನರ್ಸ್‌ಗೆ ಅವಕಾಶ ಉಳಿದಿದ್ದರೆ, ಅದರಲ್ಲಿ ಫಿಸಿಕ್ಸ್ ಪತ್ರಿಕೆಗಳೂ ಪ್ರಾಜೆಕ್ಟೂ ಇದ್ದರೆ, ಅದನ್ನು ಗಂಭೀರವಾಗಿ ಯೋಚಿಸಿ. 2024–25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದ್ಧತಿಗೆ ಮರಳಿದೆ, ಹಾಗಾಗಿ ನಿಮ್ಮ ಕಾಲೇಜಿನಲ್ಲೇ ವಿಚಾರಿಸಬೇಕು.

ಇನ್ನು ಅಂಕ. ಅಲ್ಲಿ 1.0 ಅತ್ಯುತ್ತಮ, 4.0 ಪಾಸಿನ ಗೆರೆ, 5.0 ನಪಾಸು. ನಿಮ್ಮ ಅಂಕವನ್ನು ಬವೇರಿಯನ್ ಸೂತ್ರದಿಂದ ಬದಲಿಸುತ್ತಾರೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆದು, ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸಿನ ಅಂತರದಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಬೇಕು. ಪಾಸಾಗಲು ಕನಿಷ್ಠ 4 ಎಂದಾದರೆ ನಿಮ್ಮದು 1 + 3 × (10 − 8.2) ÷ (10 − 4) = 1.9. ಅದೇ ಕನಿಷ್ಠ 5 ಎಂದು ಅವರು ಭಾವಿಸಿಬಿಟ್ಟರೆ ಸುಮಾರು 2.1 ಆಗುತ್ತದೆ. ಹಾಗಾಗಿ ಕನಿಷ್ಠ ಪಾಸು ಅಂಕ ಎಷ್ಟು ಎಂಬುದು ಮಾರ್ಕ್ಸ್ ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾಗಿದೆಯೇ ನೋಡಿ, ಇಲ್ಲದಿದ್ದರೆ ಪರೀಕ್ಷಾ ವಿಭಾಗದಿಂದ ಪತ್ರ ಪಡೆದುಕೊಳ್ಳಿ. ಬಹಳ ಕಡೆ ಗಡಿ 2.5ರ ಸುತ್ತ ಇರುತ್ತದೆ, ನೀವು ಆರಾಮಾಗಿ ಒಳಗಿದ್ದೀರಿ.

ಸ್ನಾತಕೋತ್ತರ ಪ್ರವೇಶಕ್ಕೆ ನೋಡುವ ಜಿಆರ್‌ಇ ಪರೀಕ್ಷೆ ಎಲ್ಲರಿಗೂ ಕಡ್ಡಾಯವಲ್ಲ. ಕೆಲವು ವಿಭಾಗಗಳು ಯುರೋಪಿನ ಹೊರಗಿನವರಿಂದ ಫಿಸಿಕ್ಸ್ ವಿಷಯದ ಜಿಆರ್‌ಇ ಕೇಳುತ್ತವೆ, ಕೆಲವು ಕೊಟ್ಟರೆ ಪರಿಗಣಿಸುತ್ತವೆ. ಹೆಸರಾಂತ ಐಐಟಿಯಿಂದ ಬಂದವರಿಗೆ ಇದು ಬೇಕಿಲ್ಲದಿರಬಹುದು. ನಿಮ್ಮಂತೆ ಜಿಲ್ಲೆಯ ಕಾಲೇಜಿನಿಂದ ಹೋಗುವವರಿಗೆ ಒಳ್ಳೆಯ ಅಂಕ ಬಂದರೆ ನಿಜಕ್ಕೂ ಲಾಭ, ಏಕೆಂದರೆ ನಿಮ್ಮ ಕಾಲೇಜಿನ ಮಟ್ಟವನ್ನು ಅಳೆಯಲು ಅವರ ಬಳಿ ಬೇರೆ ಕೋಲಿಲ್ಲ. 200ರಿಂದ 990ರವರೆಗಿನ ಅಂಕದಲ್ಲಿ 800 ದಾಟುವ ಭರವಸೆ ಇದ್ದರೆ ಬರೆಯಿರಿ. ಇಂಗ್ಲಿಷಿಗೆ ಐಇಎಲ್‌ಟಿಎಸ್ 6.5 ಇದ್ದರೆ ಹೆಚ್ಚಿನ ಕಡೆ ನಡೆಯುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ ಪ್ರಮಾಣಪತ್ರವನ್ನು ಒಪ್ಪುವವರು ಕಡಿಮೆ, ಅದನ್ನು ನಂಬಿ ಕೂರಬೇಡಿ.

ಎಲ್ಲಿಗೆ ಅರ್ಜಿ ಹಾಕಬೇಕು ಎಂಬುದನ್ನು ರ‍್ಯಾಂಕಿಂಗ್ ಪಟ್ಟಿ ನೋಡಿ ನಿರ್ಧರಿಸುವುದು ಜರ್ಮನಿಯಲ್ಲಿ ಅಷ್ಟು ಅರ್ಥವಿಲ್ಲದ ಕೆಲಸ. ಎರಡು ವರ್ಷದ ಎಂ.ಎಸ್ಸಿ.ಯಲ್ಲಿ (120 ಇಸಿಟಿಎಸ್) ಎರಡನೇ ವರ್ಷ ಪೂರ್ತಿ ಸಂಶೋಧನೆ. ಒಂದು ಗುಂಪಿಗೆ ಸೇರಿ ಮೊದಲ ಆರು ತಿಂಗಳು ತಯಾರಿ, ಮುಂದಿನ ಆರು ತಿಂಗಳು ಪ್ರಬಂಧ. ಆದ್ದರಿಂದ ಯಾವ ಊರಿನಲ್ಲಿ ನಿಮ್ಮ ವಿಷಯದ ಗುಂಪುಗಳಿವೆ ಎಂಬುದೇ ಮುಖ್ಯ. ಆಸ್ಟ್ರೋಫಿಸಿಕ್ಸ್‌ಗೆ ಬಾನ್‌ನಲ್ಲಿ ಪ್ರತ್ಯೇಕ ಎಂ.ಎಸ್ಸಿ.ಯೇ ಇದೆ. ಅಲ್ಲಿನ ಮ್ಯಾಕ್ಸ್ ಪ್ಲಾಂಕ್ ರೇಡಿಯೋ ಖಗೋಳ ಸಂಸ್ಥೆ ಎಫೆಲ್ಸ್‌ಬರ್ಗ್‌ನ 100 ಮೀಟರ್ ದೂರದರ್ಶಕವನ್ನು ನಡೆಸುತ್ತದೆ. ಪಾಟ್ಸ್‌ಡಾಮ್‌ನಲ್ಲಿಯೂ ಇಂಗ್ಲಿಷಿನ ಆಸ್ಟ್ರೋಫಿಸಿಕ್ಸ್ ಎಂ.ಎಸ್ಸಿ. ಇದೆ, ಪಕ್ಕದಲ್ಲೇ ಲೈಬ್ನಿಟ್ಸ್ ಖಭೌತ ಸಂಸ್ಥೆ. ಮ್ಯೂನಿಕ್‌ನ ಎಲ್‌ಎಂಯು ವಿಶ್ವವಿದ್ಯಾಲಯ ಮತ್ತು ಪಕ್ಕದ ಗಾರ್ಕಿಂಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳು ಬಲವಾದ ಜಾಗ, ಆದರೆ ಊರು ದುಬಾರಿ, ಪೈಪೋಟಿ ಜೋರು. ಹೈಡಲ್‌ಬರ್ಗ್ ಖಗೋಳಕ್ಕೆ ಹೆಸರುವಾಸಿ. ಅಲ್ಲಿ ಫೀಸಿನ ಮಾತು ಬರುತ್ತದೆ, ಕೆಳಗೆ ಹೇಳುತ್ತೇನೆ. ಲೇಸರ್, ಆಪ್ಟಿಕ್ಸ್ ಬೇಕಾದವರಿಗೆ ಝೈಸ್ ಕಂಪನಿ ಹುಟ್ಟಿದ ಯೇನಾದಲ್ಲಿನ ಫೋಟಾನಿಕ್ಸ್ ಎಂ.ಎಸ್ಸಿ., ಕಣ ಭೌತಶಾಸ್ತ್ರಕ್ಕೆ ಡೇಸಿ ವೇಗವರ್ಧಕ ಕೇಂದ್ರ ಇರುವ ಹ್ಯಾಂಬರ್ಗ್. ಯಾವ ಕೋರ್ಸು ಇಂಗ್ಲಿಷಿನಲ್ಲಿದೆ ಎಂಬುದಕ್ಕೆ ಡಿಎಎಡಿ (ಜರ್ಮನಿಯ ಶೈಕ್ಷಣಿಕ ವಿನಿಮಯ ಸಂಸ್ಥೆ) ತಾಣದ ಹುಡುಕು ಪಟ್ಟಿ ಸಾಕು. ನಿಯಮಗಳನ್ನು ಮಾತ್ರ ವಿಭಾಗದ ಪುಟದಲ್ಲೇ ಓದಿ.

ಖರ್ಚಿಗೆ ಬರೋಣ. ಹೆಚ್ಚಿನ ರಾಜ್ಯಗಳ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರಿಗೆ ಸುಮಾರು 100ರಿಂದ 400 ಯೂರೊ ವಂತಿಗೆ ಕಟ್ಟಬೇಕು, ಅದರಲ್ಲಿ ಅನೇಕ ಕಡೆ ಬಸ್ಸು ರೈಲಿನ ಪಾಸೂ ಸೇರಿರುತ್ತದೆ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಹಾಕಿದೆ. ಹೈಡಲ್‌ಬರ್ಗ್, ಸ್ಟುಟ್‌ಗಾರ್ಟ್, ಟ್ಯುಬಿಂಗನ್, ಕಾರ್ಲ್ಸ್‌ರೂಹೆ ಎಲ್ಲ ಅದರೊಳಗೆ ಬರುತ್ತವೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದ ಸೆಮಿಸ್ಟರಿನಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ ಕೇಳುತ್ತದೆ. ‘ಜರ್ಮನಿ ಫ್ರೀ’ ಎಂದು ಹೇಳಿದವರು ಈ ಎರಡನ್ನೂ ಹೇಳಿರಲಿಕ್ಕಿಲ್ಲ.

ದೊಡ್ಡ ಮೊತ್ತ ಬೇಕಾಗುವುದು ಬ್ಲಾಕ್ಡ್ ಅಕೌಂಟ್‌ಗೆ. ವೀಸಾಕ್ಕೆ ಮುಂಚೆ ಒಂದು ವರ್ಷದ ಜೀವನ ವೆಚ್ಚ 11,904 ಯೂರೊವನ್ನು ಅದರಲ್ಲಿ ಇಡಬೇಕು. ಯೂರೊಗೆ ನೂರು ರೂಪಾಯಿ ಹಿಡಿದರೂ ಹನ್ನೆರಡು ಲಕ್ಷ ಹತ್ತಿರ. ಅದು ಫೀಸಲ್ಲ, ನಿಮ್ಮದೇ ದುಡ್ಡು, ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೊನಂತೆ ಕೈಗೆ ಬರುತ್ತದೆ. ಲೈಪ್ಸಿಗ್, ಯೇನಾದಂಥ ಪೂರ್ವದ ಊರುಗಳಲ್ಲಿ ಇದರಲ್ಲಿ ಬದುಕಬಹುದು. ಮ್ಯೂನಿಕ್‌ನಲ್ಲಿ ಕೊಠಡಿ ಬಾಡಿಗೆಯೇ ಮುಕ್ಕಾಲು ಪಾಲು ನುಂಗಬಹುದು. ಮೂವತ್ತರೊಳಗಿನ ವಿದ್ಯಾರ್ಥಿಗೆ ಸರ್ಕಾರಿ ಆರೋಗ್ಯ ವಿಮೆ ತಿಂಗಳಿಗೆ 140–150 ಯೂರೊ, ಅದನ್ನೂ ಇದರಲ್ಲೇ ಕಟ್ಟಬೇಕು. ಮನೆಯವರಿಗೆ ಮೊದಲೇ ತಿಳಿಸಬೇಕಾದ ಒಂದು ಮಾತು: ಎರಡನೇ ವರ್ಷ ವಾಸದ ಪರವಾನಗಿ ನವೀಕರಿಸುವಾಗ ಮತ್ತೆ ಅಷ್ಟೇ ಹಣವನ್ನೋ ಅದಕ್ಕೆ ಸಮನಾದ ಆದಾಯವನ್ನೋ ತೋರಿಸಬೇಕು. ನಾಲ್ಕು ಸೆಮಿಸ್ಟರಿನ ಕೋರ್ಸು ಐದಕ್ಕೆ ಎಳೆಯುವುದು ಅಲ್ಲಿ ಮಾಮೂಲು, ಅದಕ್ಕೂ ಲೆಕ್ಕವಿರಲಿ. ಒಟ್ಟು 30 ಲಕ್ಷ ರೂಪಾಯಿಯಾದರೂ ಇಟ್ಟುಕೊಂಡು ಯೋಚಿಸಿದರೆ ಮುಂದೆ ಪರದಾಟ ಇರದು.

ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದೊಳಗಿನ ಸಹಾಯಕ ಕೆಲಸ, ಅಂದರೆ ಕಿರಿಯರ ಅಭ್ಯಾಸ ಹಾಳೆ ತಿದ್ದುವುದು, ಗುಂಪಿಗೆ ಕೋಡ್ ಬರೆಯುವುದು, ಈ ಮಿತಿಗೆ ಬರುವುದಿಲ್ಲ. ಫಿಸಿಕ್ಸ್‌ನವರು ಹುಡುಕಬೇಕಾದ್ದು ಅದನ್ನೇ. ಪೈಥಾನ್ ಚೆನ್ನಾಗಿ ಬಂದರೆ ಎರಡನೇ ಸೆಮಿಸ್ಟರಿನಿಂದ ಸಿಗುವ ಸಾಧ್ಯತೆ ಇದೆ. ಮೊದಲ ಸೆಮಿಸ್ಟರಿನಲ್ಲಿ ದುಡಿದು ಸಾಲ ತೀರಿಸುತ್ತೇನೆ ಎಂಬ ಲೆಕ್ಕವನ್ನು ಕೈಬಿಡಿ. ಅದಕ್ಕೆ ಕಾರಣ ಅಲ್ಲಿನ ಪಾಠದ ಪದ್ಧತಿ. ಒಂದು ಮುಖ್ಯ ಕೋರ್ಸಿಗೆ ವಾರಕ್ಕೆ ನಾಲ್ಕು ಗಂಟೆ ಉಪನ್ಯಾಸ, ಎರಡು ಗಂಟೆ ಅಭ್ಯಾಸದ ತರಗತಿ, ಜೊತೆಗೊಂದು ಹಾಳೆ. ಆ ಹಾಳೆಯ ನಾಲ್ಕು ಲೆಕ್ಕಗಳಿಗೆ ಎಂಟು ಹತ್ತು ಗಂಟೆ ಬೇಕಾಗುತ್ತದೆ. ಸಾಮಾನ್ಯವಾಗಿ ಇಡೀ ಸೆಮಿಸ್ಟರಿನ ಹಾಳೆಗಳಲ್ಲಿ ಅರ್ಧದಷ್ಟು ಅಂಕ ಬರದಿದ್ದರೆ ಪರೀಕ್ಷೆಗೇ ಕೂರಿಸುವುದಿಲ್ಲ. ನಮ್ಮಲ್ಲಿನಂತೆ ಪರೀಕ್ಷೆಗೆ ಹದಿನೈದು ದಿನ ಇರುವಾಗ ಹಳೆಯ ಪ್ರಶ್ನೆಪತ್ರಿಕೆ ತಿರುವಿ ದಾಟುವ ದಾರಿ ಅಲ್ಲಿಲ್ಲ. ಪರೀಕ್ಷೆಗೆ ನೋಂದಾಯಿಸಿ ಹೋಗದಿದ್ದರೆ 5.0 ಬೀಳುತ್ತದೆ. ಕಡ್ಡಾಯ ಕೋರ್ಸಿನ ಪರೀಕ್ಷೆಗೆ ಸಾಮಾನ್ಯವಾಗಿ ಮೂರು ಅವಕಾಶ. ಮೂರನೆಯದೂ ಹೋದರೆ ಹೆಸರು ತೆಗೆಯುತ್ತಾರೆ, ದೇಶದ ಬೇರೆ ವಿಶ್ವವಿದ್ಯಾಲಯದಲ್ಲೂ ಅದೇ ಕೋರ್ಸಿಗೆ ಸೇರುವುದು ಕಷ್ಟ. ಮೊದಲ ಸೆಮಿಸ್ಟರಿಗೆ ಎರಡು ದೊಡ್ಡ ಕೋರ್ಸು, ಒಂದು ಲ್ಯಾಬು ಸಾಕು. ನಾಲ್ಕು ಹಿಡಿದವರು ನಾಲ್ಕನ್ನೂ ಬಿಡುತ್ತಾರೆ.

ಕಾಗದಪತ್ರಗಳಲ್ಲಿ ಎಪಿಎಸ್ ಪ್ರಮಾಣಪತ್ರವೇ ಮೊದಲು; ಇದನ್ನು ಕೊಡುವುದು ಜರ್ಮನ್ ರಾಯಭಾರ ಕಚೇರಿಯ ದಾಖಲೆ ಪರಿಶೀಲನಾ ಕೇಂದ್ರ. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳ ವೀಸಾಕ್ಕೆ ಇದು ಕಡ್ಡಾಯ, ಅನೇಕ ವಿಶ್ವವಿದ್ಯಾಲಯಗಳು ಅರ್ಜಿಯ ಜೊತೆಗೇ ಕೇಳುತ್ತವೆ. ಶುಲ್ಕ 18,000 ರೂಪಾಯಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿಯ ಎಲ್ಲ ಸೆಮಿಸ್ಟರಿನ ಮಾರ್ಕ್ಸ್ ಕಾರ್ಡುಗಳು ಅಸಲಿ ಹೌದೋ ಅಲ್ಲವೋ ಎಂದು ಅವರು ಪರಿಶೀಲಿಸುತ್ತಾರೆ. ಎಪಿಎಸ್ ಸಿಕ್ಕಿತೆಂದರೆ ಪ್ರವೇಶ ಸಿಕ್ಕಿತೆಂದಲ್ಲ. ಇಲ್ಲಿ ನಮ್ಮವರಿಗೆ ಮಾತ್ರ ಕಾಡುವ ಒಂದು ತೊಂದರೆ ಇದೆ: ಹೆಸರು. ಮಾರ್ಕ್ಸ್ ಕಾರ್ಡಿನಲ್ಲಿ ಊರಿನದೋ ತಂದೆಯದೋ ಇನಿಷಿಯಲ್ ಕೊನೆಗೋ ಮೊದಲಿಗೋ ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಅದು ಬಿಡಿಸಿ ಬರೆದಿರುತ್ತದೆ, ಪಿಯುಸಿಯಲ್ಲಿ ಇನ್ನೊಂದು ಕಾಗುಣಿತ. ಹೀಗಿದ್ದರೆ ಈಗಲೇ ನೋಟರಿಯಿಂದ ಎರಡೂ ಒಬ್ಬರದೇ ಹೆಸರು ಎಂಬ ಅಫಿಡವಿಟ್ ಮಾಡಿಸಿ ಎಲ್ಲ ಕಡೆ ಜೊತೆಗಿಡಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಕಾರ್ಡಿಗೆ ಹೊಂದುವಂತೆ ಮಾಡಿಸಿ, ಉಪನಾಮದ ಜಾಗವನ್ನು ಖಾಲಿ ಬಿಡಬೇಡಿ.

ಅನೇಕ ವಿಶ್ವವಿದ್ಯಾಲಯಗಳು ಹೊರದೇಶದವರ ಅರ್ಜಿಗಳನ್ನು ಪರಿಶೀಲಿಸುವ ಯೂನಿ-ಅಸಿಸ್ಟ್ ಎಂಬ ಸಂಸ್ಥೆಯ ಮೂಲಕ ಅರ್ಜಿ ತೆಗೆದುಕೊಳ್ಳುತ್ತವೆ. ಮೊದಲ ಅರ್ಜಿಗೆ 75 ಯೂರೊ, ಅದೇ ಸೆಮಿಸ್ಟರಿನ ಮುಂದಿನ ಒಂದೊಂದಕ್ಕೂ 30. ಚಳಿಗಾಲದ ಸೆಮಿಸ್ಟರ್ ಅಕ್ಟೋಬರಿನಲ್ಲಿ ಶುರು. ಕೊನೆಯ ದಿನ ಜುಲೈ 15 ಎಂದು ಎಲ್ಲೆಡೆ ಕಾಣುತ್ತದೆ, ಆದರೆ ಇಂಗ್ಲಿಷ್ ಕೋರ್ಸುಗಳಲ್ಲಿ ಹೊರದೇಶದವರಿಗೆ ಮಾರ್ಚ್, ಏಪ್ರಿಲ್, ಮೇ ಹೊತ್ತಿಗೇ ಮುಗಿದಿರುತ್ತದೆ. ನಿಮ್ಮ ಆರನೇ ಸೆಮಿಸ್ಟರಿನ ಫಲಿತಾಂಶ ಬರುವುದು ತಡ, ಹಾಗಾಗಿ ಐದು ಸೆಮಿಸ್ಟರಿನ ಅಂಕದ ಮೇಲೆ ಅರ್ಜಿ ತೆಗೆದುಕೊಳ್ಳುತ್ತಾರೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಶಿಫಾರಸು ಪತ್ರ ಜಿಮೇಲ್‌ನಿಂದ ಬಂದರೆ ಕೆಲವರು ಒಪ್ಪುವುದಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಅಧಿಕೃತ ಇಮೇಲ್ ಇಲ್ಲದಿದ್ದರೆ ಲೆಟರ್‌ಹೆಡ್ಡಿನಲ್ಲಿ ಸಹಿ ಮೊಹರಿನ ಪತ್ರ ಕೊಡಬಹುದೇ ಎಂದು ಕೇಳಿ. ಉದ್ದೇಶ ಪತ್ರ ಒಂದೂವರೆ ಪುಟ ಮೀರದಿರಲಿ. ಬಾಲ್ಯದಲ್ಲಿ ಅಂಗಳದಲ್ಲಿ ನಕ್ಷತ್ರ ನೋಡಿದ್ದು ಬೇಡ, ಅದು ಅವರ ಬಳಿ ನೂರಾರು ಬಂದಿರುತ್ತದೆ. ಯಾವ ಪ್ರಾಜೆಕ್ಟಿನಲ್ಲಿ ಏನು ಅಳೆದಿರಿ, ಎಲ್ಲಿ ತಪ್ಪಿತು, ಅವರ ಯಾವ ಗುಂಪಿನ ಯಾವ ಕೆಲಸ ನಿಮಗೆ ಹೊಂದುತ್ತದೆ, ನಿಮ್ಮ ಸಿಲಬಸ್‌ನ ಕೊರತೆಯನ್ನು ಹೇಗೆ ತುಂಬಿಕೊಂಡಿರಿ, ಇಷ್ಟು ಸಾಕು. ಪ್ರವೇಶಪತ್ರ ಬಂದ ದಿನವೇ ವೀಸಾ ಅರ್ಜಿಗೆ ಕೂರಿ. ಬೆಂಗಳೂರಿನಲ್ಲೇ ಜರ್ಮನ್ ಕಾನ್ಸುಲೇಟ್ ಇದೆ, ಶುಲ್ಕ 75 ಯೂರೊ, ತಡವಾಗುವುದು ಸರದಿಯಿಂದ.

ಈಗ ಮನೆಯ ಸಾಲದ ಮಾತು. ನಿಮ್ಮ ಗುರಿ ಪಿಎಚ್.ಡಿ. ಆಗಿದ್ದರೆ ಇನ್ನೊಂದು ದಾರಿಯನ್ನೂ ತೂಗಿ ನೋಡಿ. ಎಂ.ಎಸ್ಸಿ. ಪ್ರವೇಶ ಪರೀಕ್ಷೆಯಾದ ಐಐಟಿ ಜಾಮ್ ಬರೆದು ಐಐಟಿಯಲ್ಲೋ, ಅಥವಾ ಮಾನಸಗಂಗೋತ್ರಿಯಂಥ ಕಡೆಯೋ ಎರಡು ವರ್ಷದ ಎಂ.ಎಸ್ಸಿ. ಮುಗಿಸಿದರೆ ಸಿಲಬಸ್‌ನ ಕೊರತೆ ತಾನಾಗಿ ತುಂಬುತ್ತದೆ, ಪ್ರಬಂಧವೂ ಆಗುತ್ತದೆ, ಖರ್ಚು ಹೋಲಿಕೆಗೇ ಬಾರದು. ಆಮೇಲೆ ಜರ್ಮನಿಗೆ ನೇರ ಪಿಎಚ್.ಡಿ.ಗೆ ಹೋಗಬಹುದು. ಅಲ್ಲಿ ಪಿಎಚ್.ಡಿ. ಎಂದರೆ ಸಾಮಾನ್ಯವಾಗಿ ಸಂಬಳದ ಕೆಲಸ, ಮೂರನೇ ಎರಡು ಭಾಗದ ಹುದ್ದೆಗೂ ತೆರಿಗೆ ಕಳೆದು ತಿಂಗಳಿಗೆ 2,000 ಯೂರೊ ಆಸುಪಾಸು ಕೈಗೆ ಬರುತ್ತದೆ. ಬೆಂಗಳೂರಿನ ಐಐಎಸ್ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೂ ಜಾಮ್ ಅಂಕ ಒಂದು ದಾರಿ. ಆದರೆ ಇಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿ ಮತ್ತೆ ಅದೇ ವಿಷಯದ ಎಂ.ಎಸ್ಸಿ.ಗೆ ಹೋಗುವ ಯೋಚನೆ ಬೇಡ, ವಿಶ್ವವಿದ್ಯಾಲಯವೂ ವೀಸಾ ಅಧಿಕಾರಿಯೂ ಯಾಕೆ ಎಂದು ಕೇಳುತ್ತಾರೆ. ಪಿಎಚ್.ಡಿ. ಬೇಡ, ಅಲ್ಲೇ ಕಂಪನಿಯಲ್ಲಿ ಕೆಲಸ ಬೇಕು ಎನ್ನುವವರಿಗೆ ಮಾತ್ರ ಲೆಕ್ಕ ಬೇರೆ. ಎಂ.ಎಸ್ಸಿ. ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳ ಪರವಾನಗಿ ಸಿಗುತ್ತದೆ. ಅಂಥವರು ಆಪ್ಟಿಕ್ಸ್, ಸೆಮಿಕಂಡಕ್ಟರ್, ಡೇಟಾ ಕಡೆ ವಿಷಯ ಆರಿಸಿಕೊಂಡು ಜರ್ಮನ್ ಭಾಷೆಯನ್ನು ಬಿ2 ಮಟ್ಟಕ್ಕೆ, ಅಂದರೆ ಕೆಲಸದಲ್ಲಿ ಸರಾಗವಾಗಿ ಮಾತಾಡುವಷ್ಟಕ್ಕೆ, ತರಬೇಕು.

ನಿಮ್ಮ ಸ್ಥಿತಿಯಲ್ಲಿ ನಾನು ಹೇಳುವುದು ಇದು. ಮೇಲಿನ ಕ್ರೆಡಿಟ್ ಲೆಕ್ಕ ಮಾಡಿ, ನಿಯಮಕ್ಕೆ ನಿಜವಾಗಿ ಹೊಂದುವ ಮೂರು ನಾಲ್ಕು ವಿಶ್ವವಿದ್ಯಾಲಯಗಳಿಗೆ ಮಾತ್ರ ಅರ್ಜಿ ಹಾಕಿ, ಫೀಸಿರುವ ರಾಜ್ಯದ್ದು ಒಂದೇ ಇರಲಿ. ಜೊತೆಗೆ ಜಾಮ್ ಕೂಡ ಬರೆಯಿರಿ. ಅದರ ಅರ್ಜಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಪರೀಕ್ಷೆ ಫೆಬ್ರವರಿಯಲ್ಲಿ. ಎಪಿಎಸ್‌ಗೆ ಕೊಡುವ 18,000 ಮತ್ತು ಅರ್ಜಿ ಶುಲ್ಕ ಬಿಟ್ಟರೆ ಪ್ರವೇಶಪತ್ರ ಕೈಗೆ ಬರುವವರೆಗೆ ದೊಡ್ಡ ಹಣ ಎಲ್ಲೂ ಕಟ್ಟಬೇಕಾಗಿಲ್ಲ. ಬ್ಯಾಂಕಿಗೆ ಸಾಲದ ಅರ್ಜಿ ಕೊಡುವುದೂ ಆ ಪತ್ರ ಬಂದ ಮೇಲೆಯೇ. ಅದಕ್ಕೂ ಮುಂಚೆ ಯಾರಾದರೂ ‘ಸೀಟು ಖಾತ್ರಿ’ ಎಂದು ಮುಂಗಡ ಕೇಳಿದರೆ ಕೊಡಬೇಡಿ. ಸರ್ಕಾರಿ ವಿಶ್ವವಿದ್ಯಾಲಯದ ಫಿಸಿಕ್ಸ್ ಸೀಟನ್ನು ಮಧ್ಯವರ್ತಿ ಕೊಡಿಸಲಾರ.